ಗೇರುಸೊಪ್ಪೆಯ ದಾರಿಯಲ್ಲಿ ನಡುಗಿದ ದೋಣಿ

ಹೊನ್ನಾವರದ ಬಂದರಿನಿಂದ ದೋಣಿ ಬಿಟ್ಟಾಗ ಬೆಳಿಗ್ಗೆ ಆರೂಮುಕ್ಕಾಲು. ಡಿಸೆಂಬರಿನ ಮಂಜು ಶರಾವತಿಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಭರತ ಶುರುವಾಗಿ ಒಂದು ತಾಸಾಗಿತ್ತು. ಸಮುದ್ರದ ನೀರು ಅಳಿವೆಯಿಂದ ಒಳಗೆ ಏರುವಾಗ ಹೊರಟರೆ ಹೊಳೆಯೇ ದೋಣಿಯನ್ನು ದೂಡಿಕೊಡುತ್ತದೆಂದು ದೋಣಿಯ ಯಜಮಾನರು ಹಿಂದಿನ ದಿನವೇ ಆ ಹೊತ್ತನ್ನು ಗೊತ್ತುಮಾಡಿದ್ದರು. ಅರವತ್ತು ದಾಟಿದ ಅವರು, ಮೋಟಾರಿನ ಹಿಡಿಕೆ ಹಿಡಿದ ಅವರ ಸೋದರಳಿಯ, ಜೊತೆಗೆ ನಾನು. ಇಪ್ಪತ್ತೆರಡು ಅಡಿಯ ಫೈಬರ್ ದೋಣಿ, ಅದರ ಹಿಂಬದಿಯ ಹಲಗೆಗೆ ಕಚ್ಚಿಸಿದ 9.9 ಅಶ್ವಶಕ್ತಿಯ ಸೀಮೆಎಣ್ಣೆ ಮೋಟಾರು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಇಂಥ ಮೋಟಾರುಗಳು ಸಾಮಾನ್ಯ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ.

ಹೋಗಬೇಕಾದದ್ದು ಗೇರುಸೊಪ್ಪೆಗೆ. ರಸ್ತೆಯಲ್ಲಾದರೆ ಸುಮಾರು 30 ಕಿ.ಮೀ. ಆದರೆ ಆ ಊರಿಗೆ ಹೊಳೆಯ ದಾರಿಯೇ ಹಳೆಯದು. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಾಗ ಘಟ್ಟದ ಕಾಳುಮೆಣಸು ಈ ನೀರಿನ ಮೇಲೆಯೇ ಇಳಿದು ಕಡಲು ಸೇರುತ್ತಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲೇ ಹೋದ. ಹೊಳೆಯ ಚೆಲುವನ್ನು ತನ್ನ ಪತ್ರದಲ್ಲಿ ಮನಸಾರೆ ಹೊಗಳಿದ. ಅದೇ ದಾರಿಯನ್ನು ನೀರಿನ ಮಟ್ಟದಿಂದ ನೋಡುವ ಆಸೆ ನನ್ನದಾಗಿತ್ತು.

ಹೆದ್ದಾರಿಯ ಸೇತುವೆ ಹಿಂದೆ ಸರಿಯಿತು. ಮುಂದೆ ಕೊಂಕಣ ರೈಲ್ವೆಯ ಸೇತುವೆ. ಎರಡು ಕಿ.ಮೀ.ಗೂ ಮಿಕ್ಕಿ ಉದ್ದವಿರುವ ಇದು ಆ ಮಾರ್ಗದ ಅತಿ ಉದ್ದದ ಸೇತುವೆ. ಅದರ ಕಂಬಗಳ ನಡುವೆ ದಾಟುವಾಗ ಮೋಟಾರಿನ ಸದ್ದು ಗೋಡೆಗೆ ಬಡಿದಂತೆ ತಿರುಗಿ ಬರುತ್ತದೆ. ಅಲ್ಲಿಯವರೆಗೂ ಆ ಸದ್ದು ಒಂದೇ ಸಮ ಇತ್ತು. ಮಾವಿನಕುರ್ವೆಯ ತೆಂಗಿನ ತೋಟಗಳನ್ನು ಕಳೆದು ಅರ್ಧ ತಾಸು ಹೋಗಿರಬೇಕು, ದೋಣಿಯ ಅಡಿಯಲ್ಲಿ ‘ಧಡ್’ ಎಂದಿತು. ಮೋಟಾರು ಒಮ್ಮೆ ಹಿಂದಕ್ಕೆ ಎದ್ದು ಮತ್ತೆ ಕೂತಿತು. ಹಿಂದೆ ತಿರುಗಿ ನೋಡಿದರೆ ನೀರಿನಲ್ಲಿ ನೆನೆದು ಕಪ್ಪಾದ ಮರದ ದಿಮ್ಮಿಯೊಂದು ಅರ್ಧ ಮುಳುಗಿ ತೇಲುತ್ತಿತ್ತು.

ಅದಾದ ಮೇಲೆ ದೋಣಿ ನಡುಗತೊಡಗಿತು. ಕೂತ ಹಲಗೆ, ಕಾಲ ಕೆಳಗಿನ ನೆಲ, ಮೂಲೆಯಲ್ಲಿಟ್ಟಿದ್ದ ನೀರಿನ ಕೊಡಪಾನ, ಎಲ್ಲಕ್ಕೂ ಗಡಗಡ. “ಮಾವಾ, ಕೈ ಜುಂ ಅಂತದೆ,” ಎಂದ ಅಳಿಯ.

ಯಜಮಾನರು ಎದ್ದು ನಿಲ್ಲಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. “ನ್ಯೂಟ್ರಲ್ ಮಾಡಿ ಎಕ್ಸಿಲೇಟರ್ ಕೊಡು, ಸ್ವಲ್ಪ,” ಎಂದರು. ಗಿಯರಿನಿಂದ ಬಿಡಿಸಿ ಇಂಜಿನ್ನಿನ ವೇಗ ಏರಿಸಿದಾಗ ನಡುಕವಿಲ್ಲ, ಮೊದಲಿನ ಹದವಾದ ಸದ್ದು. ಗಿಯರಿಗೆ ಹಾಕಿದೊಡನೆ ಮತ್ತೆ ಗಡಗಡ. ನಿಧಾನಕ್ಕೆ ಹೋದರೆ ಕಡಿಮೆ, ವೇಗ ಕೊಟ್ಟಷ್ಟೂ ಹೆಚ್ಚು. ಎರಡೇ ನಿಮಿಷದಲ್ಲಿ ಅವರು ಮೇಲಿನ ಅರ್ಧ ಮೋಟಾರನ್ನು ಲೆಕ್ಕದಿಂದ ತೆಗೆದುಹಾಕಿದ್ದರು. ಒಂದು ಪ್ಲಗ್ ಹೊಡೆಯದೆ ಸಿಲಿಂಡರ್ ಸತ್ತಿದ್ದರೆ ನ್ಯೂಟ್ರಲ್‌ನಲ್ಲೂ ಕುಂಟುತ್ತಿತ್ತು. ದೋಣಿಗೆ ಕಚ್ಚಿಸಿದ ಸ್ಕ್ರೂ ಸಡಿಲಾಗಿದ್ದರೂ ನ್ಯೂಟ್ರಲ್‌ನಲ್ಲೇ ಅಲುಗಾಟ ಕಾಣಿಸುತ್ತಿತ್ತು. ಗಿಯರ್ ಬಿದ್ದಾಗ ಮಾತ್ರ ನಡುಗುವುದಾದರೆ ದೋಷ ನೀರಿನೊಳಗಿದೆ. ಒಂದೋ ಫ್ಯಾನು, ಇಲ್ಲವೇ ಅದು ಕೂತ ಶಾಫ್ಟು, ಅದೂ ಅಲ್ಲವಾದರೆ ಒಳಗಿನ ಗಿಯರು. ಪ್ರೊಪೆಲ್ಲರಿಗೆ ಕರಾವಳಿಯ ಮೀನುಗಾರರ ಬಾಯಲ್ಲಿ ಫ್ಯಾನು ಎಂದೇ ಹೆಸರು.

ಮರಳು ದಿಬ್ಬವೊಂದಕ್ಕೆ ದೋಣಿ ಹಚ್ಚಿದರು. ಮೋಟಾರನ್ನು ಎತ್ತಿ ಓರೆ ಮಾಡುವ ಮೊದಲು ಯಜಮಾನರು ಎರಡು ಕೆಲಸ ಮಾಡಿದರು: ಇಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಕಿತ್ತು ಕಿಸೆಗೆ ಹಾಕಿದರು, ಪ್ಲಗ್ಗುಗಳ ತೊಪ್ಪಿ ಬಿಚ್ಚಿದರು. ಗಿಯರಿನಲ್ಲಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಇಂಜಿನ್ನೂ ತಿರುಗುತ್ತದೆ. ಬಿಸಿ ಇಂಜಿನ್ ಅಷ್ಟಕ್ಕೇ ಹತ್ತಿಕೊಂಡು ಬೆರಳು ಕಳೆದುಕೊಂಡವರಿದ್ದಾರೆಂದು ಅಳಿಯನಿಗೆ ಹೇಳುತ್ತಲೇ ಮಾಡಿದರು.

ಆಮೇಲಿನ ಪರೀಕ್ಷೆಗೆ ಅವರು ಬಳಸಿದ್ದು ಹಿಡಿಕಡ್ಡಿ. ಒಂದು ಕಡ್ಡಿಯ ತುದಿಯನ್ನು ಫ್ಯಾನಿನ ಎಲೆಯ ಅಂಚಿಗೆ ತಾಗಿಯೂ ತಾಗದಂತೆ ಹಿಡಿದು, ನಿಧಾನವಾಗಿ ಫ್ಯಾನು ತಿರುಗಿಸಿದರು. ಮೊದಲ ಎಲೆ ಕಡ್ಡಿಯನ್ನು ಸವರಿಕೊಂಡು ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದರ ತುದಿ ಕಿರುಬೆರಳಿನ ದಪ್ಪದಷ್ಟು ಹಿಂದಕ್ಕೆ ಸರಿದು ಹಾದುಹೋಯಿತು. ದಿಮ್ಮಿ ಬಡಿದ ಎಲೆ ಅದೇ. ಅಂಚಿನಲ್ಲಿ ಒಂದು ಕಚ್ಚೂ ಬಿದ್ದಿತ್ತು.

ಇಷ್ಟು ಸಣ್ಣ ಬಾಗು ಇಡೀ ದೋಣಿಯನ್ನು ನಡುಗಿಸುವುದು ಹೇಗೆ? ಲೆಕ್ಕ ಸರಳವಾದದ್ದು. ಇಂಥ ಮೋಟಾರುಗಳಲ್ಲಿ ಇಂಜಿನ್ ಸುಮಾರು ಎರಡು ಸುತ್ತು ತಿರುಗಿದರೆ ಫ್ಯಾನು ಒಂದು ಸುತ್ತು ತಿರುಗುತ್ತದೆ. ಇಂಜಿನ್ ನಿಮಿಷಕ್ಕೆ 4,800 ಸುತ್ತಿನಲ್ಲಿ ಓಡಿದರೆ ಫ್ಯಾನು 2,400, ಅಂದರೆ ಸೆಕೆಂಡಿಗೆ 40 ಸುತ್ತು. ಮೂರು ಎಲೆಗಳೂ ಸಮನಾಗಿದ್ದರೆ ನೀರಿಗೆ ಸೆಕೆಂಡಿಗೆ 120 ತಳ್ಳು, ಎಲ್ಲವೂ ಒಂದೇ ತೂಕದವು. ಕಿವಿಗೆ ಅದು ಬರೀ ಗುಂಯ್. ಒಂದು ಎಲೆ ಬಾಗಿದರೆ ಅದರ ತಳ್ಳು ಬೇರೆಯಾಗುತ್ತದೆ, ಸೆಕೆಂಡಿಗೆ 40 ಸಲ ಶಾಫ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ಆ ಎಳೆತ ಮೋಟಾರಿನಿಂದ ಹಲಗೆಗೆ, ಹಲಗೆಯಿಂದ ಕೂತವರ ಬೆನ್ನಿಗೆ.

ಕಚ್ಚು ಬಿದ್ದ ಅಂಚಿನದು ಇನ್ನೊಂದು ಕಥೆ. ಕಚ್ಚಿನ ಹಿಂದೆ ನೀರಿನ ಒತ್ತಡ ಕುಸಿದು, ತಣ್ಣೀರೇ ಕುದಿದಂತೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಅವು ಒಡೆಯುವಾಗಿನ ಪೆಟ್ಟು ಲೋಹವನ್ನೇ ತಿನ್ನುತ್ತದೆ. ಇದಕ್ಕೆ ಕ್ಯಾವಿಟೇಷನ್ ಎನ್ನುತ್ತಾರೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಟರ್ಬೀನಿಯಾ ಎಂಬ ಹಡಗು ಕಟ್ಟಿದಾಗ ಇದೇ ಗುಳ್ಳೆಗಳು ಅವನ ವೇಗಕ್ಕೆ ಅಡ್ಡ ನಿಂತವು. ಅವನು ನೀರಿನ ಸಣ್ಣ ತೊಟ್ಟಿ ಮಾಡಿ ಅವನ್ನು ಕಣ್ಣಾರೆ ಕಂಡು, ಮೂರು ಶಾಫ್ಟುಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿ, 1897ರಲ್ಲಿ 34 ನಾಟ್ ವೇಗ ಮುಟ್ಟಿದ. ನಮ್ಮ ಫ್ಯಾನಿನ ಹಳೆಯ ಸಣ್ಣ ಕಚ್ಚೊಂದರ ಹಿಂದೆಯೂ ಇರುವೆ ಕೊರೆದಂಥ ತೂತುಗಳನ್ನು ಯಜಮಾನರು ಉಗುರಿನಿಂದ ಸವರಿ ತೋರಿಸಿದರು.

ಬೇರೆ ಫ್ಯಾನು ದೋಣಿಯಲ್ಲೇ ಇತ್ತು. ಬಿಚ್ಚುವ ಮೊದಲು ಕೆಳಗೆ ಬುಟ್ಟಿ ಹಿಡಿಯಲು ಅಳಿಯನಿಗೆ ಹೇಳಿದರು. ನಟ್ಟು ಹೊಳೆಗೆ ಬಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ. ಪಿನ್ನನ್ನು ನೆಟ್ಟಗೆ ಮಾಡಿ ಎಳೆದರು, ಎಲೆ ತಿರುಗದಂತೆ ಮರದ ತುಂಡು ಅಡ್ಡ ಕೊಟ್ಟು ನಟ್ಟು ಬಿಚ್ಚಿದರು. ಫ್ಯಾನು ಜಾರಿ ಹೊರಬಂತು.

ಆಗ ಅವರ ಮುಖ ಬದಲಾಯಿತು.

ಫ್ಯಾನಿನ ಹಿಂದೆ, ಶಾಫ್ಟಿನ ಬುಡದಲ್ಲಿ, ತಂಗೂಸು ಸುತ್ತಿಕೊಂಡಿತ್ತು. ಬಲೆ ನೇಯುವ ಆ ತೆಳ್ಳಗಿನ ನೈಲಾನ್ ದಾರ ಹತ್ತಾರು ಸುತ್ತು ಬಿಗಿದು, ತಿಕ್ಕಾಟದ ಬಿಸಿಗೆ ಒಂದಕ್ಕೊಂದು ಅಂಟಿ, ಬಿಳಿ ಪ್ಲಾಸ್ಟಿಕ್ ಬಳೆಯಂತಾಗಿತ್ತು. ಇವತ್ತು ಸಿಕ್ಕಿದ್ದಲ್ಲ ಅದು, ಎಷ್ಟೋ ದಿನದ್ದು. ಈ ದಾರ ಸದ್ದು ಮಾಡಿರಲಿಲ್ಲ, ದೋಣಿಯನ್ನು ನಡುಗಿಸಿರಲಿಲ್ಲ. ದಿಮ್ಮಿ ಬಡಿಯದೆ ಹೋಗಿದ್ದರೆ ಯಾರೂ ಅದನ್ನು ನೋಡುತ್ತಿರಲಿಲ್ಲ.

ಶಾಫ್ಟು ಹೊರಬರುವ ಜಾಗದಲ್ಲಿ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಒಳಗಿನ ಗಿಯರ್ ಎಣ್ಣೆ ಹೊರಬಾರದಂತೆ, ಹೊರಗಿನ ನೀರು ಒಳಹೋಗದಂತೆ ಕಾಯುವುದು ಅದರ ತುಟಿ. ಫ್ಯಾನು ತಿರುಗಿದಷ್ಟೂ ತಂಗೂಸು ಒಳಕ್ಕೆ ತೂರಿ ಆ ತುಟಿಯನ್ನು ಕೊಯ್ಯುತ್ತದೆ. ನೀರು ಸೇರಿದ ಎಣ್ಣೆ ಜಾರುವ ಗುಣ ಕಳೆದುಕೊಳ್ಳುತ್ತದೆ. ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಕೊನೆಗೆ ಗಿಯರಿನ ಹಲ್ಲು ಸವೆದು ಕರಕರ ಎನ್ನುತ್ತದೆ. ಆ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಮೋಟಾರಿನ ಕೆಳಭಾಗವನ್ನೇ ಬದಲಿಸುವ ಖರ್ಚು ತಲೆಯ ಮೇಲಿರುತ್ತದೆ.

ಚಾಕು ಸೀಲಿಗೆ ತಾಗದಂತೆ ದಾರವನ್ನು ಒಂದೊಂದೇ ಎಳೆಯಾಗಿ ಬಿಡಿಸಲು ಅರ್ಧ ತಾಸು ಹಿಡಿಯಿತು. ಬಿಡಿಸಿದ್ದನ್ನು ಯಜಮಾನರು ನೀರಿಗೆ ಎಸೆಯದೆ ಡಬ್ಬಿಯೊಳಗೆ ತುಂಬಿದರು. ಫ್ಯಾನಿಲ್ಲದ ಶಾಫ್ಟಿನ ತುದಿಗೂ ಕಡ್ಡಿ ಹಿಡಿದು ತಿರುಗಿಸಿದರು. ಕಣ್ಣಿಗೆ ಕಾಣುವಂಥ ಬಾಗು ಇರಲಿಲ್ಲ. ಗ್ರೀಸ್ ಹಚ್ಚಿ, ಒಳಗಿನ ವಾಷರ್ ಮರೆಯದೆ ಹಾಕಿ, ಹೊಸ ಫ್ಯಾನು ಕೂರಿಸಿ, ಹೊಸ ಪಿನ್ನು ಚುಚ್ಚಿ ಬಗ್ಗಿಸಿದರು.

ಗಡಗಡ ನಿಂತಿತು. ದೋಣಿ ಮತ್ತೆ ಹೊಳೆಯ ನಡುವೆ ಬಂತು. ಎರಡೂ ದಡದಲ್ಲಿ ಅಡಿಕೆ, ತೆಂಗು, ನಡುನಡುವೆ ಕಾಂಡ್ಲ. ಹೈಗುಂದದ ಹತ್ತಿರ ಹೊಳೆ ಕವಲೊಡೆದು ನಡುಗಡ್ಡೆಯನ್ನು ಬಳಸುತ್ತದೆ. ಅಲ್ಲಿಂದ ಮುಂದೆ ಗುಡ್ಡಗಳು ಹತ್ತಿರಾಗುತ್ತ, ನೀರಿನ ಬಣ್ಣ ಹಸಿರಿಗೆ ತಿರುಗುತ್ತದೆ.

ಹೊಸ ಫ್ಯಾನಿನಲ್ಲಿ ಇಂಜಿನ್ ಮೊದಲಿಗಿಂತ ಜೋರಾಗಿ ಕೂಗುತ್ತಿದೆಯೆಂದು ಅಳಿಯ ಗಮನಿಸಿದ. ಅದು ದೋಷವಲ್ಲ. ಒಂದು ಸುತ್ತಿಗೆ ಫ್ಯಾನು ಮುಂದೆ ಸರಿಯಬೇಕಾದ ದೂರಕ್ಕೆ ಪಿಚ್ ಎನ್ನುತ್ತಾರೆ. ಈ ಫ್ಯಾನಿನ ಪಿಚ್ ಹಳೆಯದಕ್ಕಿಂತ ಒಂದು ಇಂಚು ಕಡಿಮೆ. ಇಂಚು ಕಡಿಮೆಯಾದರೆ ಇಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಆದರೆ ಒಂದು ತಿರುವಿನಲ್ಲಿ ಇಂಜಿನ್ ತಟ್ಟನೆ ಅರಚಿ, ದೋಣಿ ಮಾತ್ರ ನಿಂತಲ್ಲೇ ನಿಂತಂತಾದಾಗ ಮೂವರೂ ಬೆಚ್ಚಿದೆವು. ಫ್ಯಾನಿನ ಒಳಗಿನ ರಬ್ಬರು ಜಾರಿದರೂ ಹೀಗೆಯೇ ಆಗುತ್ತದೆ. ನಾನು ಚಿತ್ರ ತೆಗೆಯಲು ಮುಂದಿನ ಮೂತಿಗೆ ಹೋಗಿದ್ದೆ, ಯಜಮಾನರೂ ದಾರಿ ನೋಡಲು ಅಲ್ಲೇ ನಿಂತಿದ್ದರು. ಭಾರವೆಲ್ಲ ಮುಂದಾಗಿ ಹಿಂಭಾಗ ಎದ್ದಿತ್ತು, ಫ್ಯಾನು ನೀರಿನ ಜೊತೆ ಗಾಳಿಯನ್ನೂ ಎಳೆದುಕೊಂಡಿತ್ತು. ಇಬ್ಬರೂ ನಡುವಿಗೆ ಬಂದು ಕೂತ ಮೇಲೆ ಅದು ಮತ್ತೆ ಆಗಲಿಲ್ಲ. ರಬ್ಬರಿನ ಅನುಮಾನ ತೀರಿಸಿಕೊಳ್ಳಲು ಯಜಮಾನರು ಫ್ಯಾನಿನ ಹೊರ ಗುಬ್ಬಿಗೂ ಒಳ ಕೊಳವೆಗೂ ಅಡ್ಡಲಾಗಿ ಬಣ್ಣದ ಗೆರೆ ಎಳೆದಿದ್ದರು. ಗೇರುಸೊಪ್ಪೆಯಲ್ಲಿ ನೋಡಿದಾಗ ಗೆರೆ ಮುರಿಯದೆ ನೇರವಾಗಿಯೇ ಇತ್ತು.

ಹನ್ನೊಂದರ ಸುಮಾರಿಗೆ ಗೇರುಸೊಪ್ಪೆ ಮುಟ್ಟಿದೆವು. ಊರಿನ ಮೇಲ್ಗಡೆ ಅಣೆಕಟ್ಟು, 240 ಮೆಗಾವಾಟಿನ ವಿದ್ಯುದಾಗಾರ. ಅಲ್ಲಿ ಯಂತ್ರಗಳು ಎಷ್ಟು ಓಡುತ್ತವೆ ಎಂಬುದರ ಮೇಲೆ ಇಲ್ಲಿ ಹೊಳೆಯ ನೀರು ಏರುತ್ತದೆ, ಇಳಿಯುತ್ತದೆ. ನೀರು ಇಳಿದಾಗ ಮುಳುಗಿದ್ದ ಬಂಡೆಗಳು ಫ್ಯಾನಿನ ಎತ್ತರಕ್ಕೇ ಬರುತ್ತವೆ. ಕಾಡಿನ ನಡುವಿನ ಚತುರ್ಮುಖ ಬಸದಿಗೆ ನಡೆದು ಹೋದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ಕಡೆಗೂ ಮುಖ ಮಾಡಿ ಕೂತ ಜಿನಬಿಂಬಗಳು. ಮೆಣಸಿನ ಹಣದಿಂದ ಬೆಳೆದ ಪಟ್ಟಣದಲ್ಲಿ ಇಂದು ಮಾತಾಡುವುದು ಹಕ್ಕಿಗಳು ಮಾತ್ರ.

ತಿರುಗಿ ಬಂದಾಗ ಯಜಮಾನರು ಮೋಟಾರಿನ ಕೆಳಗೆ ಪ್ಲಾಸ್ಟಿಕ್ ಬಾಟಲಿ ಹಿಡಿದು ಕೂತಿದ್ದರು. ಎರಡು ತಾಸು ಅಲುಗಿಸದೆ ಬಿಟ್ಟಿದ್ದರಿಂದ ಒಳಗಿನ ನೀರು ತಳಕ್ಕೆ ಇಳಿದಿರಬೇಕೆಂಬುದು ಅವರ ಎಣಿಕೆ. ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ಎರಡು ಹನಿ ನೀರು, ಆಮೇಲೆ ಹಾಲು ಹೆಚ್ಚಾದ ಕಾಪಿಯ ಬಣ್ಣದ ಎಣ್ಣೆ. “ಸೀಲ್ ಹೋಗ್ಯದೆ,” ಎಂದರು. ಎಣ್ಣೆ ಪೂರ್ತಿ ಬಾಟಲಿಗೆ ಇಳಿಸಿ, ಹೊಸದನ್ನು ಕೆಳಗಿನ ತೂತಿನಿಂದಲೇ ತುಂಬಿಸಿದರು. ಮೇಲಿಂದ ಹೊಯ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ತೂತಿನಲ್ಲಿ ಎಣ್ಣೆ ಇಣುಕಿದ ಮೇಲೆ ಎರಡೂ ಸ್ಕ್ರೂ ಬಿಗಿಯಾದವು. ಇಳಿತದ ನೀರಿನೊಂದಿಗೆ, ಅರ್ಧ ವೇಗದಲ್ಲಿ, ಕತ್ತಲಾಗುವ ಮುಂಚೆ ಹೊನ್ನಾವರ ಸೇರಿದೆವು.

ಆ ವಾರವೇ ಮೋಟಾರು ರಿಪೇರಿಗೆ ಹೋಯಿತು. ಶಾಫ್ಟಿಗೆ ಡಯಲ್ ಗೇಜ್ ಹಿಡಿದು ನೋಡಿದರು, ಬಾಗಿರಲಿಲ್ಲ. ಬೇರಿಂಗಿಗೆ ತುಕ್ಕು ತಟ್ಟಿರಲಿಲ್ಲ. ಸೀಲುಗಳನ್ನು ಬದಲಿಸಿದ್ದರಲ್ಲೇ ಕೆಲಸ ಮುಗಿಯಿತು. ಬಾಗಿದ ಎಲೆಯನ್ನು ತಟ್ಟಿ ಹದಕ್ಕೆ ತಂದ ಹಳೆಯ ಫ್ಯಾನು ಈಗ ದೋಣಿಯಲ್ಲಿ ಬದಲಿಯಾಗಿ ಕೂತಿದೆ. ಯಜಮಾನರು ಹದಿನೈದು ದಿನಕ್ಕೊಮ್ಮೆ ಫ್ಯಾನು ಬಿಚ್ಚಿ ಶಾಫ್ಟಿನ ಬುಡ ನೋಡುವ ಕೆಲಸವನ್ನು ಅಳಿಯನಿಗೆ ವಹಿಸಿದ್ದಾರೆ.

ಮೋಟಾರು ಇರುವ ಎಲ್ಲರಲ್ಲೂ ನನ್ನ ಕೋರಿಕೆ ಇಷ್ಟೇ: ನಡುಕ ಬರುವವರೆಗೆ ಕಾಯದೆ ಫ್ಯಾನಿನ ಹಿಂದೆ ಒಮ್ಮೆ ನೋಡಿ. ಹರಿದ ಬಲೆಯನ್ನೂ ತುಂಡು ತಂಗೂಸನ್ನೂ ನೀರಿಗೆ ಎಸೆಯಬೇಡಿ, ದಡಕ್ಕೆ ತನ್ನಿ. ಅದು ಹೊಳೆಯಲ್ಲಿ ಕೊಳೆಯುವುದಿಲ್ಲ. ಇವತ್ತು ನೀವು ಎಸೆದದ್ದು ನಾಳೆ ನಿಮ್ಮ ಪಕ್ಕದ ದೋಣಿಯವರ ಶಾಫ್ಟನ್ನು ಸುತ್ತುತ್ತದೆ.