ಸರ್ವೆ ಬರೂತನಕಾ

ತಗಡಿನ ಮೇಲೆ ಮೊದಲ ಕಲ್ಲು ಬಿದ್ದಾಗ ಯಾರೋ ಎಸೆದರೆಂದೇ ನಿಮಗೆ ಅನಿಸುತ್ತದೆ. ಮಾರ್ಚ್ ಸಂಜೆ. ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆ. ಎದುರಿಗೆ ಕಟಾವಿಗೆ ಬಂದ ಎರಡು ಎಕರೆ ದ್ರಾಕ್ಷಿ ಪಡ. ಇನ್ನೊಂದು ಕಲ್ಲು, ಮತ್ತೊಂದು, ಆಮೇಲೆ ಎಣಿಕೆಯಿಲ್ಲ. ಪಕ್ಕದಲ್ಲಿ ನಿಂತವರ ಕೂಗೂ ಕೇಳದು. ಗಾಳಿ ತಿರುಗುತ್ತದೆ. ಕಂಬ ವಾಲುತ್ತದೆ. ತಂತಿ ಕಿತ್ತು ಬರುತ್ತದೆ. ಓಡಿ ಹೋಗಿ ಏನನ್ನು ಹಿಡಿಯುತ್ತೀರಿ?

ಮಳೆ ನಿಂತ ಮೇಲೆ ಸಾಲಿನೊಳಗೆ ಕಾಲಿಟ್ಟರೆ ಆಣೆಕಲ್ಲಿನ ತಂಪು ಅಂಗಾಲು ಕೊರೆಯುತ್ತದೆ. ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ನೋಡುತ್ತೀರಿ. ಗಾಳಿಗೆದುರಾದ ಮಗ್ಗುಲ ಕಾಯಿ ಸೀಳಿವೆ, ಅಂಟುರಸ ಮಣಿಕಟ್ಟಿಗೆ ಇಳಿಯುತ್ತದೆ. ಹಿಂದಿನ ಮಗ್ಗುಲ ಕಾಯಿ ಇನ್ನೂ ಗಟ್ಟಿ. ಅವು ಉಳಿಯಬೇಕಾದರೆ ಒಡೆದದ್ದನ್ನು ಈಗಲೇ ಕತ್ತರಿಸಿ ತೆಗೆಯಬೇಕು. ಕತ್ತರಿ ಜೇಬಿನಲ್ಲೇ ಇದೆ.

"ಮುಟ್ಟಬ್ಯಾಡೋ ತಮ್ಮಾ," ಬದುವಿನಾಚೆಯಿಂದ ಕಾಕಾ ಕೂಗುತ್ತಾರೆ. "ಸರ್ವೆದವ್ರು ಬರೂತನಕಾ ಹಂಗ ಇರ್ಲಿ. ಸ್ವಚ್ಛ ಮಾಡಿದ್ರ ಅವ್ರಿಗೆ ಏನ್ ತೋರಸ್ತಿ?"

ಶೇ. 33ರಷ್ಟಾದರೂ ಬೆಳೆ ಹಾಳಾಗಿದೆ ಎಂದು ಜಂಟಿ ಸರ್ವೆಯಲ್ಲಿ ಬರೆದರಷ್ಟೇ ಪರಿಹಾರ. ರಾತ್ರಿಯೆಲ್ಲ ನಿಮ್ಮ ತಲೆಯಲ್ಲಿ ಅದೇ ಲೆಕ್ಕ. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ದರದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ ಮಾತ್ರ. ನಿಮ್ಮ ಪಾಲಿಗೆ 18 ಸಾವಿರದ ಆಸುಪಾಸು. ಔಷಧಿ ಅಂಗಡಿಯ ಬಾಕಿಗೂ ಅದು ಸಾಲದು. ಆದರೆ ಬಿಟ್ಟುಕೊಡುವ ಧೈರ್ಯ ಯಾರಿಗಿದೆ?

ಬಿಸಿಲೇರಿದಂತೆ ವಾಸನೆ ಏಳುತ್ತದೆ. ಮೊದಲು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಮರುದಿನಕ್ಕೆ ಹೆಂಡದ ಘಾಟು. ಸಣ್ಣ ನೊಣ ಕಣ್ಣಿಗೆ, ತುಟಿಗೆ ಮುತ್ತುತ್ತವೆ. ನಿನ್ನೆ ಗಟ್ಟಿಯಿದ್ದ ಕಾಯಿ ಇವತ್ತು ಬೆರಳೊತ್ತಿದರೆ ಕುಸಿಯುತ್ತದೆ. ಹಾನಿ ತೋರಿಸುವುದಕ್ಕಾಗಿ ಕಣ್ಣೆದುರೇ ಹಾನಿ ಬೆಳೆಯಲು ಬಿಡಬೇಕಾದ ಈ ಪದ್ಧತಿ ಘೋರ ಅನ್ಯಾಯ. ಅದನ್ನು ಯಾರಿಗೆ ಹೇಳುತ್ತೀರಿ?

ಬೈಕಿನ ಸದ್ದು. ಬಂದವರು ಇಬ್ಬರು. ಗೊಂಚಲು ಹಿಡಿದು ಅಲುಗಾಡದೆ ನಿಲ್ಲಿರಿ ಎನ್ನುತ್ತಾರೆ, ಜಿಪಿಎಸ್ ಫೋಟೋ ತೆಗೆಯುತ್ತಾರೆ, ಸಾಲು ಸಾಲು ನಡೆದು ನೋಡುತ್ತಾರೆ. ಪೆನ್ನು ಎಲ್ಲಿ ನಿಲ್ಲುತ್ತದೋ ಎಂದು ನಿಮ್ಮ ಎದೆ ಹೊಡೆದುಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚೇ ಬರೆದಿದ್ದಾರೆ! ಉಸಿರು ಬಿಡುತ್ತೀರಿ.

"ಉತಾರ ಯಾರ ಹೆಸರ್ಲೆ ಐತ್ರಿ?"

ಬಾಯಿ ಒಣಗುತ್ತದೆ. ಹೊಲದ ಉತಾರ, ಅಂದರೆ ಪಹಣಿ, ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದೆ. ರೈತ ನೋಂದಣಿಯ ಫ್ರೂಟ್ಸ್ ಐಡಿ ಅವರದು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೂ ಅವರದೇ.

"ಹಾನಿ ಬರ್ಕೊಂಡೀನಿ," ಎನ್ನುತ್ತಾರೆ ಹಿರಿಯವರು, ದನಿ ತಗ್ಗಿಸಿ. "ಆದ್ರ ಮೊದ್ಲ ವಾರಸಾ ಮಾಡಿಸ್ರಿ. ಇಲ್ಲಂದ್ರ ರೊಕ್ಕ ಬೀಳೂದಿಲ್ಲ."

ಬೈಕು ಬದು ದಾಟುವ ಮೊದಲೇ ಕತ್ತರಿ ನಿಮ್ಮ ಕೈಯಲ್ಲಿದೆ. ಇನ್ನೊಂದು ಕೈಯಲ್ಲಿ ಫೋನು. ಕೂಲಿ ಹೆಣ್ಣುಮಕ್ಕಳಿಗೆ ನಾಳೆಯಲ್ಲ, ಈಗಲೇ ಬನ್ನಿ ಎನ್ನುತ್ತೀರಿ. ಆಮೇಲೆ ಪುಣೆಯಲ್ಲಿರುವ ಅಣ್ಣನಿಗೆ ಹಚ್ಚುತ್ತೀರಿ, ಅಪ್ಪನ ಮರಣ ಪ್ರಮಾಣಪತ್ರ ಯಾರ ಹತ್ತಿರ ಇದೆ ಎಂದು ಕೇಳಲು.