ಪ್ರಚಾರ ಮಂತ್ರಿಯ ಅರ್ಜಿ

ಅಮೆರಿಕದ್ದೋ ಇಂಗ್ಲೆಂಡಿನದೋ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಚೀನಾದ ಹುಡುಗ ಹುಡುಗಿಯರ ಸ್ವಪರಿಚಯದಲ್ಲಿ ಒಂದು ಹುದ್ದೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಮಿನಿಸ್ಟರ್ ಆಫ್ ಪ್ರಾಪಗ್ಯಾಂಡಾ’. ಇಪ್ಪತ್ತರ ಆಸುಪಾಸಿನ ಹುಡುಗಿ, ಓದುತ್ತಿರುವುದು ಜೀವರಸಾಯನಶಾಸ್ತ್ರ, ಎರಡು ವರ್ಷ ಪ್ರಾಪಗ್ಯಾಂಡಾ ಮಂತ್ರಿ! ಇಂಗ್ಲಿಷ್ ಓದುಗರಿಗೆ ಆ ಎರಡು ಪದ ಜೊತೆಯಾಗಿ ಕಂಡರೆ ಹಿಟ್ಲರನ ಬಲಗೈಯಾಗಿದ್ದ ಗೋಬೆಲ್ಸ್ ಬಿಟ್ಟು ಬೇರೆ ಯಾರೂ ನೆನಪಾಗುವುದಿಲ್ಲ. ಆ ಹುಡುಗಿ ಮಾಡಿದ್ದಾದರೂ ಏನು? ವಿದ್ಯಾರ್ಥಿ ಸಂಘದ ಕ್ರೀಡಾಕೂಟಕ್ಕೆ ಪೋಸ್ಟರ್ ಬರೆದದ್ದು, ಫೋಟೋ ತೆಗೆದದ್ದು, ಹೊಸದಾಗಿ ಸೇರಿದವರಿಗೆ ಕರಪತ್ರ ಹಂಚಿದ್ದು.

ಚೀನೀ ಭಾಷೆಯಲ್ಲಿ ಈ ಕೆಲಸಕ್ಕೆ ‘ಷ್ವೆನ್‌ಛ್ವಾನ್’ ಎನ್ನುತ್ತಾರೆ. ಸಾಬೂನಿನ ಜಾಹೀರಾತಿಗೂ ಲಸಿಕೆಯ ಅಭಿಯಾನಕ್ಕೂ ಪಕ್ಷದ ಸಿದ್ಧಾಂತ ಸಾರುವುದಕ್ಕೂ ಅದೊಂದೇ ಮಾತು. ನಮ್ಮ ‘ಪ್ರಚಾರ’ವೂ ಹಾಗೆಯೇ ಅಲ್ಲವೇ? ಚುನಾವಣಾ ಪ್ರಚಾರ, ಸಿನಿಮಾ ಪ್ರಚಾರ ಅಂದಾಗ ನಾವು ಯಾರೂ ಮೂಗು ಮುರಿಯುವುದಿಲ್ಲ. ಇನ್ನು ‘ಬುಜಾಂಗ್’ ಅಂದರೆ ‘ಬು’ ಎಂಬ ವಿಭಾಗದ ಮುಖ್ಯಸ್ಥ. ದೇಶದ ವಿದೇಶಾಂಗ ಸಚಿವರೂ ಬುಜಾಂಗ್, ಕಾಲೇಜಿನಲ್ಲಿ ಪೋಸ್ಟರ್ ಅಂಟಿಸುವವರ ಮುಖ್ಯಸ್ಥೆಯೂ ಬುಜಾಂಗ್. ನಿಘಂಟು ತೆರೆದು ಎರಡೂ ಪದಕ್ಕೆ ಕೊಟ್ಟ ಮೊದಲ ಅರ್ಥವನ್ನು ಎತ್ತಿಕೊಂಡರೆ ಮಂತ್ರಿಪದವಿ ಸಿದ್ಧ. ಚೀನಾದ ಕಮ್ಯುನಿಸ್ಟ್ ಪಕ್ಷವೇ 1990ರ ದಶಕದಲ್ಲಿ ತನ್ನ ಪ್ರಚಾರ ವಿಭಾಗದ ಇಂಗ್ಲಿಷ್ ಹೆಸರಿನಿಂದ ‘ಪ್ರಾಪಗ್ಯಾಂಡಾ’ವನ್ನು ತೆಗೆದು ‘ಪಬ್ಲಿಸಿಟಿ’ ಹಾಕಿಕೊಂಡಿತು. ಚೀನೀ ಹೆಸರು ಮಾತ್ರ ಹಾಗೇ ಉಳಿಯಿತು, ಬದಲಿಸುವ ಅಗತ್ಯ ಅಲ್ಲಿ ಯಾರಿಗೂ ಕಾಣಲಿಲ್ಲ.

ಬೆಂಗಳೂರಿನಲ್ಲಿ ಕೂತು ವುಹಾನ್, ಹಾರ್ಬಿನ್, ಚೆಂಗ್ಡುಗಳ ಸಂಶೋಧಕರ ಇಂಗ್ಲಿಷ್ ತಿದ್ದಿಕೊಡುವುದು ನನ್ನ ಉದ್ಯೋಗ. ಅಂತರರಾಷ್ಟ್ರೀಯ ಪತ್ರಿಕೆಗಳಿಗೆ ಹೋಗುವ ಎಷ್ಟೋ ಲೇಖನಗಳು ನಮ್ಮಂಥವರ ಕೈ ದಾಟಿಯೇ ಹೋಗುತ್ತವೆ. ಈ ಕೆಲಸದಲ್ಲಿ ವ್ಯಾಕರಣದ ತಪ್ಪಿಗೆ ನಾನು ಹೆದರುವುದಿಲ್ಲ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ನಾಮಪದಕ್ಕೆ ಸಾಮಾನ್ಯವಾಗಿ ಬಹುವಚನದ ಪ್ರತ್ಯಯ ಬೇಡ, ‘ಎ’, ‘ದಿ’ಗಳಂತೂ ಇಲ್ಲವೇ ಇಲ್ಲ. ಹಾಗಾಗಿ ‘ಯೆಸ್ಟರ್‌ಡೇ ವಿ ಮೆಷರ್ ಸ್ಯಾಂಪಲ್’ ಎಂದು ಬರೆದರೆ ಓದಿದವರಿಗೆಲ್ಲ ವಿಷಯ ತಿಳಿಯುತ್ತದೆ. ಬರೆದವರ ಮನೆಮಾತು ಇಂಗ್ಲಿಷ್ ಅಲ್ಲ ಎಂಬುದೂ ತಿಳಿಯುತ್ತದೆ, ಓದುವವರು ತಾವಾಗಿಯೇ ಸ್ವಲ್ಪ ಉದಾರಿಗಳಾಗುತ್ತಾರೆ. ‘ನೆಲ ಜಾರುತ್ತದೆ, ಜೋಕೆ’ ಎನ್ನುವ ನಾಲ್ಕಕ್ಷರದ ಫಲಕ ಇಂಗ್ಲಿಷಿನಲ್ಲಿ ‘ಎಚ್ಚರಿಕೆಯಿಂದ ಜಾರಿ’ ಎಂದಾದ ಚಿತ್ರ ಜಗತ್ತೆಲ್ಲ ಸುತ್ತಿದೆ. ನೆಲ ಎಂಬ ಅರ್ಥದ ಅಕ್ಷರವೇ ಚೀನೀಯಲ್ಲಿ ಕ್ರಿಯಾವಿಶೇಷಣದ ಪ್ರತ್ಯಯವೂ ಹೌದು. ಎರಡಕ್ಷರದ ನಂತರ ನಿಲ್ಲಬೇಕಾದ ಕಡೆ ಮೂರರ ನಂತರ ನಿಂತರೆ ಅರ್ಥ ಹೀಗೆ ಮಗುಚಿಬೀಳುತ್ತದೆ. ಆ ಫಲಕ ನೋಡಿ ನಕ್ಕವರಿದ್ದಾರೆ, ನೊಂದವರಿಲ್ಲ.

ನನ್ನನ್ನು ಕಾಡುವುದು ವ್ಯಾಕರಣವೆಲ್ಲ ಸರಿಯಿದ್ದು ಪದವೊಂದು ಮಾತ್ರ ದಾರಿ ತಪ್ಪಿದ ವಾಕ್ಯ. ಅದರಲ್ಲಿ ಭಾಷೆಯ ದೋಷ ಕಾಣಿಸುವುದೇ ಇಲ್ಲವಾದ್ದರಿಂದ ಓದುಗರು ದೋಷವನ್ನು ಬರೆದವರ ಸ್ವಭಾವದ ಮೇಲೆ ಹೊರಿಸುತ್ತಾರೆ. ಇವನಿಗೆ ಸೊಕ್ಕು, ಇವಳಿಗೆ ಮರ್ಯಾದೆ ಗೊತ್ತಿಲ್ಲ, ಇವರು ನಮ್ಮನ್ನು ಬೆದರಿಸುತ್ತಿದ್ದಾರೆ. ಇಂಗ್ಲಿಷ್ ಚೆನ್ನಾಗಿ ಕಲಿತಷ್ಟೂ ಈ ಅಪಾಯ ಹೆಚ್ಚು.

‘ಯೂ ಹ್ಯಾಡ್ ಬೆಟರ್’ ಎನ್ನುವುದನ್ನೇ ನೋಡಿ. ಚೀನೀಯಲ್ಲಿ ‘ತ್ಸುಯ್‌ಹಾವ್’ ಎಂದರೆ ಅಕ್ಷರಶಃ ‘ಎಲ್ಲಕ್ಕಿಂತ ಒಳ್ಳೆಯದು’. ಸಂಜೆ ಮಳೆ ಬರುವ ಹಾಗಿದೆ, ಕೊಡೆ ಹಿಡಿದುಕೊಂಡು ಹೋದರೆ ಒಳ್ಳೆಯದು ಎಂಬಂಥ ಅಕ್ಕರೆಯ ಮಾತು ಅದು. ಶಾಲೆಯಲ್ಲಿ ಅದಕ್ಕೆ ಜೋಡಿಯಾಗಿ ‘ಹ್ಯಾಡ್ ಬೆಟರ್’ ಕಲಿಸುತ್ತಾರೆ. ಅದರ ಮುಂದೆ ಬರುವ ಕ್ರಿಯಾಪದದ ರೂಪ ಸರಿಯಿದ್ದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಅದನ್ನು ಯಾರು ಯಾರಿಗೆ ಹೇಳಬಹುದು ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಇಂಗ್ಲಿಷಿನವರ ಕಿವಿಗೋ ಅದು ‘ಇಲ್ಲದಿದ್ದರೆ ನೋಡಿಕೋ’ ಎಂಬ ಬಾಲದ ಸಮೇತ ಕೇಳಿಸುತ್ತದೆ. ತಾಯಿ ಮಗನಿಗೆ ಹೇಳಬಹುದು, ಪೊಲೀಸರು ಕಳ್ಳನಿಗೆ ಹೇಳಬಹುದು. ನನ್ನ ಮೇಜಿಗೆ ಬಂದ ಒಂದು ಪತ್ರದಲ್ಲಿ ಇದನ್ನು ಸಂಶೋಧಕಿಯೊಬ್ಬರು ತಮ್ಮ ಲೇಖನದ ಪರಿಶೀಲಕರಿಗೆ ಹೇಳಿದ್ದರು: ನಮ್ಮ ಮೂರನೆಯ ಚಿತ್ರವನ್ನು ನೀವು ನೋಡಿಕೊಳ್ಳುವುದೇ ಒಳ್ಳೆಯದು, ಎಂಬ ಧಾಟಿಯಲ್ಲಿ. ಉಳಿದ ಪತ್ರವೆಲ್ಲ ಕೈಮುಗಿದುಕೊಂಡೇ ನಡೆದಿತ್ತು. ಪ್ರತಿ ಉತ್ತರವೂ ಧನ್ಯವಾದದಿಂದ ಶುರು. ಹಾಗಾಗಿ ಅಂಚಿನಲ್ಲಿ ಕೇಳಿದೆ, ಈ ಸಾಲಿನಲ್ಲಿ ನಿಮ್ಮ ಮನಸ್ಸಿನಲ್ಲಿದ್ದದ್ದು ಏನು? ಮರುದಿನ ಉತ್ತರ ಬಂತು. ಪಠ್ಯಕ್ಕಿಂತ ಚಿತ್ರದ ಬಣ್ಣಗಳಲ್ಲಿ ವ್ಯತ್ಯಾಸ ಬೇಗ ತಿಳಿಯುತ್ತದೆ, ಪರಿಶೀಲಕರ ಸಮಯ ಉಳಿಯಲಿ ಎಂದು ಬರೆದೆ ಎಂದಿದ್ದರು. ಪರಿಶೀಲಕರ ಶ್ರಮ ಕಡಿಮೆ ಮಾಡಲು ಬರೆದ ಮಾತು ಅವರನ್ನೇ ಗದರಿಸಲು ಹೊರಟಿತ್ತು.

‘ಆಫ್ ಕೋರ್ಸ್’ ಕೂಡ ಇದೇ ಜಾತಿಯದು. ‘ನಿಮ್ಮ ದತ್ತಾಂಶ ಕಳಿಸುತ್ತೀರಾ’ ಎಂದು ಕೇಳಿದರೆ ಹಾಗೆ ಉತ್ತರಿಸುವುದು ಸಂತೋಷದ ಒಪ್ಪಿಗೆ. ‘ಈ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಿದಿರಾ’ ಎಂದು ಕೇಳಿದಾಗಲೂ ಹಾಗೇ ಉತ್ತರಿಸಿದರೆ, ಇಷ್ಟೂ ಗೊತ್ತಿಲ್ಲವೇ ನಿನಗೆ ಎಂದಂತೆ. ಚೀನೀಯ ‘ದಾಂಗ್‌ರಾನ್’ ಎರಡೂ ಕಡೆ ಸಲ್ಲುತ್ತದೆ.

ಶಿಫಾರಸು ಪತ್ರಗಳ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಚೀನೀ ಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ ‘ಥಾ’ ಎಂಬ ಒಂದೇ ಉಚ್ಚಾರ. ಬರವಣಿಗೆಯಲ್ಲಿ ಸ್ತ್ರೀಲಿಂಗಕ್ಕೆ ಬೇರೆ ಅಕ್ಷರ ಬಳಕೆಗೆ ಬಂದದ್ದೇ ಕಳೆದ ಶತಮಾನದಲ್ಲಿ. 1920ರ ಸುಮಾರಿಗೆ ಅದಕ್ಕಾಗಿ ವಾದಿಸಿದವರಲ್ಲಿ ಮುಖ್ಯರು ಕವಿ, ಭಾಷಾಶಾಸ್ತ್ರಜ್ಞ ಲ್ಯೂ ಬಾನ್‌ನೋಂಗ್. ಅಕ್ಷರ ಬೇರೆಯಾಯಿತು, ನಾಲಿಗೆ ಬೇರೆಯಾಗಲಿಲ್ಲ. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಪಾಠ ಮಾಡಿದ ಪ್ರಾಧ್ಯಾಪಕರೂ ಮಾತಿನ ಭರದಲ್ಲಿ ‘ಹಿ’ ಹೇಳಬೇಕಾದಲ್ಲಿ ‘ಶಿ’ ಅಂದುಬಿಡುತ್ತಾರೆ. ಪತ್ರದಲ್ಲಿ ಇದೇ ಆದಾಗ ಪರಿಣಾಮ ಬೇರೆ. ಮೊದಲ ಪ್ಯಾರಾದಲ್ಲಿ ವಿದ್ಯಾರ್ಥಿ ಅವಳು, ಎರಡನೆಯದರಲ್ಲಿ ಅವನು, ಮೂರನೆಯದರಲ್ಲಿ ಮತ್ತೆ ಅವಳು. ಓದುವ ಪ್ರವೇಶ ಸಮಿತಿಗೆ ಬರುವ ಮೊದಲ ಅನುಮಾನ, ಈ ಗುರು ಬೇರೆ ಯಾರಿಗೋ ಬರೆದ ಪತ್ರದಲ್ಲಿ ಹೆಸರು ಬದಲಿಸಿ ಕಳಿಸಿದ್ದಾರೆ ಎನ್ನುವುದು. ಗುರು ರಾತ್ರಿ ಕೂತು ಆ ಹುಡುಗಿಯ ಒಂದೊಂದು ಗುಣವನ್ನೂ ನೆನೆದು ಬರೆದಿರುತ್ತಾರೆ. ಪತ್ರ ಕೃತಕ ಎನಿಸಿಕೊಳ್ಳಲು ಒಂದು ಸರ್ವನಾಮ ಸಾಕು.

2016ರಲ್ಲಿ ನಡೆದ ಪ್ರಕರಣವೊಂದನ್ನು ನಮ್ಮ ಕಸುಬಿನವರು ಇಂದಿಗೂ ಮಾತಾಡಿಕೊಳ್ಳುತ್ತೇವೆ. ‘ಪ್ಲಾಸ್ ಒನ್’ ಎಂಬ ವಿಜ್ಞಾನ ಪತ್ರಿಕೆ ಆ ವರ್ಷದ ಜನವರಿಯಲ್ಲಿ ಒಂದು ಲೇಖನ ಪ್ರಕಟಿಸಿತು. ಬರೆದವರಲ್ಲಿ ಹೆಚ್ಚಿನವರು ವುಹಾನಿನ ಹ್ವಾಝೋಂಗ್ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದವರು. ಲೋಟ ಎತ್ತುವಾಗ, ಪೆನ್ನು ಹಿಡಿಯುವಾಗ ನಮ್ಮ ಬೆರಳುಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡು ಚಲಿಸುತ್ತವೆ, ಸ್ನಾಯುಗಳನ್ನು ಕೀಲುಗಳಿಗೆ ಜೋಡಿಸಿದ ರಚನೆ ಅದಕ್ಕೆ ಹೇಗೆ ನೆರವಾಗುತ್ತದೆ ಎನ್ನುವುದು ವಿಷಯ. ಆ ರಚನೆ ನಿತ್ಯದ ಕೆಲಸಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಹೇಳುವಾಗ ಲೇಖಕರು ಅದನ್ನು ‘ಕ್ರಿಯೇಟರ್’ ಮಾಡಿದ ವಿನ್ಯಾಸ ಎಂದು ಬರೆದರು. ಮೊದಲಕ್ಷರ ದೊಡ್ಡದು, ‘ದಿ’ ಎಂಬ ಉಪಪದವೂ ಸರಿಯಾದ ಜಾಗದಲ್ಲಿ. ಪರಿಶೀಲನೆ ದಾಟಿದ ಲೇಖನ ಒಂದೆರಡು ತಿಂಗಳು ಸದ್ದಿಲ್ಲದೆ ಇತ್ತು.

ಮಾರ್ಚಿನಲ್ಲಿ ಯಾರದೋ ಕಣ್ಣಿಗೆ ಆ ಪದ ಬಿತ್ತು. ಅಮೆರಿಕದಲ್ಲಿ ವಿಕಾಸವಾದವನ್ನು ಶಾಲೆಯಲ್ಲಿ ಕಲಿಸಬೇಕೋ ಬೇಡವೋ ಎಂಬ ಜಗಳ ನ್ಯಾಯಾಲಯದವರೆಗೆ ಹೋಗಿ ಬಂದದ್ದು. ಆ ನೆಲದ ವಿಜ್ಞಾನಿಗೆ ‘ಕ್ರಿಯೇಟರ್’ ಎಂಬ ಪದ ವಿಜ್ಞಾನದೊಳಕ್ಕೆ ಮತವನ್ನು ನುಗ್ಗಿಸುವವರ ಬಾವುಟ. ಕೆಲವೇ ದಿನಗಳಲ್ಲಿ ಸಾಮಾಜಿಕ ಜಾಲತಾಣಗಳು ಹತ್ತಿ ಉರಿದವು. ತಾವು ಆ ಪತ್ರಿಕೆಯ ಸಂಪಾದಕ ಬಳಗದಿಂದ ಹೊರಬರುತ್ತೇವೆ ಎಂದವರೂ ಇದ್ದರು. ಲೇಖಕರು ಬೇಡಿಕೊಂಡರು: ನಮ್ಮ ಅಧ್ಯಯನಕ್ಕೂ ಸೃಷ್ಟಿವಾದಕ್ಕೂ ಸಂಬಂಧವಿಲ್ಲ, ಇಂಗ್ಲಿಷ್ ನಮ್ಮ ಭಾಷೆಯಲ್ಲ, ಆ ಪದದ ಜಾಗದಲ್ಲಿ ‘ನೇಚರ್’ ಎಂದು ಹಾಕುತ್ತೇವೆ. ಪತ್ರಿಕೆ ಒಪ್ಪಲಿಲ್ಲ. ವೈಜ್ಞಾನಿಕ ತರ್ಕ, ನಿರೂಪಣೆ, ಭಾಷೆ ಮೂರರಲ್ಲೂ ಲೋಪಗಳಿವೆ, ಪರಿಶೀಲನೆಯಲ್ಲಿ ಅವನ್ನು ಸರಿಯಾಗಿ ಗಮನಿಸಿಲ್ಲ ಎಂಬ ಕಾರಣ ಕೊಟ್ಟು ಲೇಖನವನ್ನೇ ಹಿಂತೆಗೆದುಕೊಂಡಿತು. ಬೇರೆ ಲೋಪಗಳೂ ಇದ್ದಿರಬಹುದು. ಆದರೆ ಆ ಒಂದು ಪದ ಇಲ್ಲದಿದ್ದರೆ ಅವುಗಳಿಗಾಗಿ ಯಾರೂ ಇಷ್ಟು ಆತುರದಿಂದ ಹುಡುಕಾಡುತ್ತಿರಲಿಲ್ಲ.

ಚೀನೀಯಲ್ಲಿ ‘ತ್ಸಾವೂಜೆ’ ಎಂಬ ಹಳೆಯ ಮಾತಿದೆ, ವಸ್ತುಗಳನ್ನು ಉಂಟುಮಾಡುವವನು ಎಂದು ಅರ್ಥ. ಪ್ರಾಚೀನ ಚೀನೀ ದಾರ್ಶನಿಕ ಝ್ವಾಂಗ್‌ಜಿಯ ಗ್ರಂಥದಲ್ಲೇ ಅದು ಬರುತ್ತದೆ. 1082ರಲ್ಲಿ ಸು ಷಿ ಎಂಬ ಕವಿ ಕೆಂಪು ಬಂಡೆಯ ಕೆಳಗೆ ದೋಣಿಯಲ್ಲಿ ಸಾಗಿದ್ದನ್ನು ವರ್ಣಿಸಿದ ಪ್ರಸಿದ್ಧ ಗದ್ಯಪದ್ಯದಲ್ಲಿ, ನದಿಯ ಮೇಲಿನ ಗಾಳಿ, ಬೆಟ್ಟದ ಮೇಲಿನ ಚಂದ್ರ ಎರಡನ್ನೂ ಅವನು ತ್ಸಾವೂಜೆಯ ಬತ್ತದ ಭಂಡಾರ ಎಂಬಂತೆ ಕಾಣುತ್ತಾನೆ. ಅಲ್ಲಿ ಆರು ದಿನದಲ್ಲಿ ಲೋಕ ಕಟ್ಟಿದ ದೇವರಿಲ್ಲ, ಮತವಿಲ್ಲ. ತಾನಾಗಿ ನಡೆಯುವ ಸೃಷ್ಟಿಗೆ ಕವಿ ಕೊಟ್ಟ ಕರ್ತೃಪದ ಅದು. ನಿಸರ್ಗವನ್ನು ಕಂಡು ಬೆರಗಾದ ಚೀನೀ ಓದುಬರಹದವರು ಅಂಥ ಮಾತು ಆಡುವುದು ಸಹಜ. ನಮ್ಮ ಎಷ್ಟೋ ನಾಸ್ತಿಕರು ‘ಅಯ್ಯೋ ದೇವರೇ’ ಎಂದು ಉದ್ಗರಿಸುತ್ತಾರೆ, ‘ಪ್ರಕೃತಿ ಮಾತೆ’ ಎಂದು ಭಾಷಣ ಮಾಡುತ್ತಾರೆ. ಅವರನ್ನು ನಾವು ಭಕ್ತರ ಪಟ್ಟಿಗೆ ಸೇರಿಸುವುದಿಲ್ಲ. ಪ್ರಕಟಣೆಗೆ ಮುನ್ನ ಅಂಚಿನಲ್ಲಿ ಒಂದು ಸಾಲಿನ ಪ್ರಶ್ನೆ ಬಿದ್ದಿದ್ದರೆ ಆ ಗುಂಪಿನ ದುಡಿಮೆ ಹೀಗೆ ಬೀದಿಗೆ ಬರುತ್ತಿರಲಿಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ. ಮಂಡಿಸಿದ ವಾದವನ್ನು ಪೂರ್ತಿ ಓದಿದವರಿಗೆ, ಇವರು ದೇವರ ಇರವನ್ನು ಸಾಧಿಸಲು ಹೊರಟಿಲ್ಲ ಎನ್ನುವುದು ತಿಳಿಯದ ವಿಷಯವಲ್ಲ. ಒಂದು ಪದ ಉಳಿದ ಲೇಖನದ ಜೊತೆ ಹೊಂದುತ್ತಿಲ್ಲ ಅಂದರೆ ಅನುಮಾನಿಸಬೇಕಾದದ್ದು ಪದವನ್ನು.

ಜೋನ್ ಪಿಂಕಮ್ ಎಂಬ ಅಮೆರಿಕದ ಅನುವಾದಕಿ ಬೀಜಿಂಗಿನಲ್ಲಿ ಹಲವು ವರ್ಷ ಚೀನೀಯರ ಇಂಗ್ಲಿಷ್ ಅನುವಾದಗಳನ್ನು ತಿದ್ದುವ ಕೆಲಸ ಮಾಡಿ 2000ದಲ್ಲಿ ಒಂದು ಕೈಪಿಡಿ ತಂದರು. ಅವರು ಎತ್ತಿ ತೋರಿಸಿದ್ದು ಹೆಚ್ಚಾಗಿ ಅನಗತ್ಯ ಪದಗಳನ್ನು: ಸುಧಾರಣೆಯ ‘ವೇಗವನ್ನು ತ್ವರಿತಗೊಳಿಸುವುದು’ ಎಂಬಂಥ, ಒಂದೇ ಅರ್ಥ ಎರಡು ಸಲ ಬಂದ ಜೋಡಿಗಳು. ಇಂಗ್ಲಿಷಿಗೆ ಅದು ಹೊರೆ, ಒಪ್ಪುತ್ತೇನೆ, ನಾನೂ ಕತ್ತರಿಸುತ್ತೇನೆ. ಆದರೆ ಚೀನೀ ಗದ್ಯದ ನಡಿಗೆಯೇ ಎರಡಕ್ಷರ, ನಾಲ್ಕಕ್ಷರಗಳ ತಾಳದ್ದು. ಕಷ್ಟಕಾರ್ಪಣ್ಯ, ಮಾನಮರ್ಯಾದೆ ಎಂದು ಜೋಡಿ ಕಟ್ಟಿ ಮಾತಾಡುವ ಕನ್ನಡದವನಿಗೆ ಅದರ ಸುಖ ಗೊತ್ತು. ಇಂಗ್ಲಿಷ್ ಒಂದನ್ನೇ ಬಲ್ಲ ಸಂಪಾದಕರು ಇದನ್ನು ‘ಯೋಚನೆಯಲ್ಲೇ ಗೊಂದಲ’ ಎಂದು ಷರಾ ಬರೆದಾಗ ನನಗೆ ಸರಿಬೀಳುವುದಿಲ್ಲ. ಗೊಂದಲ ಇಲ್ಲ, ಲಯ ಇದೆ. ಲಯ ಇಂಗ್ಲಿಷಿಗೆ ದಾಟಲಿಲ್ಲ, ಅಷ್ಟೇ.

ಕೆಲವು ಮಾತು ದಾಟಿವೆ ಕೂಡ. ‘ಜ್ಯಾಯೋ’ ಎಂದರೆ ಎಣ್ಣೆ ಹಾಕು, ಇಂಧನ ತುಂಬು ಎಂದು. ಪರೀಕ್ಷೆಗೆ ಹೊರಟವರಿಗೆ, ಓಟದ ಕೊನೆಯ ಸುತ್ತಿನಲ್ಲಿರುವವರಿಗೆ ಕೂಗಿ ಹೇಳುವ ಹುರುಪಿನ ಮಾತು. ಹಾಂಗ್‌ಕಾಂಗಿನ ಇಂಗ್ಲಿಷಿನಲ್ಲಿ ಅದು ‘ಆ್ಯಡ್ ಆಯಿಲ್’ ಆಗಿ ಚೆನ್ನಾಗಿ ಬೇರೂರಿತ್ತು. 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅದನ್ನು ಸೇರಿಸಿಕೊಂಡಿತು. ಇಂಗ್ಲಿಷಿನಲ್ಲಿ ಅದರ ಸ್ಥಾನ ತುಂಬುವ ಇನ್ನೊಂದು ಮಾತಿಲ್ಲ ಎಂದೇ ನನ್ನ ಎಣಿಕೆ. ‘ಗುಡ್ ಲಕ್’ ಎಂದರೆ ಅದೃಷ್ಟಕ್ಕೆ ಬಿಟ್ಟಂತಾಯಿತು, ಇದು ದುಡಿಯುತ್ತಿರುವವರ ಬೆನ್ನು ತಟ್ಟುತ್ತದೆ.

ನಾನು ಇತ್ತೀಚೆಗೆ ತಿದ್ದಿದ ಒಂದು ಪಿಎಚ್‌ಡಿ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ವಿದ್ಯಾರ್ಥಿನಿ ತನ್ನ ತಾಯಿಯ ಬಗ್ಗೆ ಬರೆದಿದ್ದಳು, ದೂರದ ಊರಿನಿಂದ ಪ್ರತಿ ರಾತ್ರಿ ಫೋನಿನಲ್ಲಿ ಎಣ್ಣೆ ಹಾಕಿದ ಅಮ್ಮನಿಗೆ ಎಂದು. ಪ್ರಬಂಧದ ಒಳಗೆ ಅವಳ ‘ಆಫ್ ಕೋರ್ಸ್’ಗಳನ್ನು, ‘ಹ್ಯಾಡ್ ಬೆಟರ್’ಗಳನ್ನು ಒಂದೊಂದಾಗಿ ಹುಡುಕಿ ತೆಗೆದಿದ್ದೆ, ಪರೀಕ್ಷಕರು ಅವಳನ್ನು ತಪ್ಪಾಗಿ ತಿಳಿಯಬಾರದು. ಅಮ್ಮನ ಸಾಲನ್ನು ಮುಟ್ಟಲಿಲ್ಲ, ಅಂಚಿನಲ್ಲಿ ಪ್ರಶ್ನೆಯನ್ನೂ ಹಾಕಲಿಲ್ಲ.