ಕತ್ತಲಲ್ಲಿ ಪಾಲಕ್

ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಒಂದು ಪಾಠ, ಉಸಿರಾಟ ಇನ್ನೊಂದು. ಒಂದರ ಸಮೀಕರಣ ತಿರುಗಿಸಿ ಬರೆದರೆ ಇನ್ನೊಂದು ಎಂದು ಮೇಷ್ಟರು ಮುಗಿಸಿಬಿಡುತ್ತಾರೆ. ತಪ್ಪಲ್ಲ. ಆದರೆ ಎರಡರ ಒಳಗೂ ಓಡುವ ಯಂತ್ರ ಒಂದೇ ಬಗೆಯದು ಎಂಬುದು ಆ ಸಮೀಕರಣದಲ್ಲಿ ಕಾಣುವುದಿಲ್ಲ.

ಜೀವಕೋಶ ಖರ್ಚು ಮಾಡುವ ಚಿಲ್ಲರೆ ಕಾಸು ಎಟಿಪಿ. ಅದನ್ನು ಟಂಕಿಸಲು ಮಧ್ಯವರ್ತಿ ರಾಸಾಯನಿಕವೊಂದು ಇರಲೇಬೇಕೆಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ. 1961ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್ ಬೇರೆಯೇ ಮಾತು ಹೇಳಿದರು: ಪೊರೆಯ ಒಂದು ಬದಿಗೆ ಪ್ರೋಟಾನುಗಳು, ಅಣೆಕಟ್ಟಿನ ಹಿಂದೆ ನೀರು ನಿಂತಂತೆ, ತುಂಬಿಕೊಳ್ಳುತ್ತವೆ, ಮರಳಿ ಹರಿಯುವಾಗ ಎಟಿಪಿ ಹುಟ್ಟುತ್ತದೆ. ಹೆಚ್ಚಿನವರು ನಂಬಲಿಲ್ಲ. ಆರೋಗ್ಯ ಕೆಟ್ಟು ಎಡಿನ್‌ಬರಾ ಬಿಟ್ಟ ಮಿಚೆಲ್, ಕಾರ್ನ್‌ವಾಲ್‌ನ ಪಾಳು ಬಂಗಲೆಯೊಂದನ್ನು ರಿಪೇರಿ ಮಾಡಿಸಿ, ಜೆನಿಫರ್ ಮಾಯ್ಲ್ ಜೊತೆ ಅಲ್ಲೇ ಪ್ರಯೋಗಶಾಲೆ ಹೂಡಿದರು.

ಗಟ್ಟಿ ಸಾಕ್ಷಿ ಬಂದದ್ದು ಅಮೆರಿಕದಿಂದ, ಪಾಲಕ್ ಸೊಪ್ಪಿನಿಂದ. 1966ರಲ್ಲಿ ಆಂಡ್ರೆ ಜೇಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಅದರ ಕ್ಲೋರೋಪ್ಲಾಸ್ಟುಗಳನ್ನು ಕತ್ತಲಲ್ಲಿ ಆಮ್ಲದಲ್ಲಿ ನೆನೆಸಿ, ಎಟಿಪಿಯ ಕಚ್ಚಾ ಸಾಮಗ್ರಿಯಿದ್ದ ಕ್ಷಾರ ದ್ರಾವಣಕ್ಕೆ ಸುರಿದರು. ಬೆಳಕಿನ ಸುಳಿವಿಲ್ಲ; ಎಟಿಪಿ ಹುಟ್ಟಿತು. ಅಂದರೆ ಎಟಿಪಿಯ ಮಟ್ಟಿಗೆ ಬಿಸಿಲಿನ ಕೆಲಸ ಪ್ರೋಟಾನುಗಳನ್ನು ಒಂದೆಡೆ ಕೂಡಿಹಾಕುವುದಷ್ಟೇ. ಹುಳಿ ಹಾಕಿದರೂ ನಡೆಯುತ್ತದೆ! (ಅಡುಗೆಮನೆಯ ಪಾಲಕ್ ಸಾರಿನಲ್ಲಿ ನಡೆಯದು, ಬೇಯಿಸಿದರೆ ಪೊರೆಯೇ ಉಳಿಯುವುದಿಲ್ಲ.)

1978ರ ರಸಾಯನ ವಿಜ್ಞಾನದ ನೊಬೆಲ್ ಮಿಚೆಲ್ ಒಬ್ಬರಿಗೇ ಬಂತು.

ಅದೇ ಪಾಲಕ್ ಎಲೆಯಲ್ಲಿ ಮೈಟೊಕಾಂಡ್ರಿಯಗಳೂ ಇವೆ. ಹೊತ್ತು ಮುಳುಗಿದ ಮೇಲೆ ಅವು, ಹಗಲು ಕೂಡಿಟ್ಟ ಸಕ್ಕರೆಯನ್ನು ಒಡೆದು, ತಮ್ಮ ಪೊರೆಯಾಚೆ ಪ್ರೋಟಾನುಗಳನ್ನು ತಳ್ಳುತ್ತಲೇ ಇರುತ್ತವೆ, ಬೆಳಗಿನವರೆಗೆ.